ನೆಲ ಮುಟ್ಟದ ನೀರು

ಗಾಜಿನ ತೊಟ್ಟಿ ಮನೆಗೆ ಬಂದು ಹನ್ನೊಂದು ದಿನವಾದರೂ ಅದರೊಳಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮೂವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದ ರೋಜಾಳಿಗೆ ನೀರಿನ ಗುಣ ಗೊತ್ತಿಲ್ಲವೆಂದೇನಲ್ಲ. ಆದರೆ ಇದು ಕಡಲ ಮೀನಿನ ತೊಟ್ಟಿ. ಅದರಲ್ಲಿ ಬಿಡಬೇಕಾದದ್ದು ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು, ಒಂದು ಕೆಂಪು ಸೀಗಡಿ. ಮೈಸೂರಿನ ಅಂಗಡಿಯಲ್ಲಿ ಅವುಗಳ ಮುಂದೆ ನಿಂತವಳು ಊರಿನ ಬಸ್ಸನ್ನೇ ತಪ್ಪಿಸಿಕೊಂಡಿದ್ದಳು. ತನಗಾಗಿ ಬೇಕೆಂದು ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

"ಉಪ್ಪಿನ ಪುಡಿ ನಾನು ಕೊಡ್ತೀನಿ, ಅಕ್ಕ. ಬೆರೆಸೋ ನೀರಲ್ಲಿ ಮಾತ್ರ ಏನೂ ಇರಬಾರದು," ಎಂದು ಅಂಗಡಿಯ ಸುನಿತಾ, ನೀರಲ್ಲಿ ಕರಗಿದ್ದನ್ನು ಅಳೆಯುವ ಪೆನ್ನಿನಂಥ ಮೀಟರೊಂದನ್ನು ಕೈಗಿತ್ತಿದ್ದಳು. "ಹತ್ತರೊಳಗೆ ತೋರಿಸ್ಬೇಕು. ತಾಮ್ರ ಸೋಕಿದ ನೀರಂತೂ ಬೇಡವೇ ಬೇಡ. ಅದನ್ನ ಮೀಟರು ಹೇಳಲ್ಲ, ಸೀಗಡಿ ಸತ್ತೇ ಹೇಳೋದು."

ಬೋರಿನ ನೀರಿಗೆ ಮೀಟರು ಒಂಬೈನೂರು ದಾಟಿತು. ನಲ್ಲಿಯ ನೀರಿಗೆ ಇನ್ನೂರು, ಜೊತೆಗೆ ಬ್ಲೀಚಿಂಗ್ ವಾಸನೆ. ಬೀದಿ ಕೊನೆಯ ಶುದ್ಧ ನೀರಿನ ಘಟಕದ್ದೂ ಅರವತ್ನಾಲ್ಕು.

"ಮೀನ್ಗೂ ಇಷ್ಟು ಮಡಿಯಾ?" ಎಂದು ಗಂಡ ಶಿವಪ್ರಕಾಶ್ ಮಗ್ಗದಲ್ಲಿ ಕೂತಲ್ಲಿಂದಲೇ ನಕ್ಕ. ಅತ್ತೆ ವಸಂತಮ್ಮ ನಗಲಿಲ್ಲ. ಸೊಸೆಯ ಯಾವ ಕೆಲಸವನ್ನೂ ಆಕೆ ಹೊಗಳಿದವರಲ್ಲ. ರೋಜಾಳೂ ಆಕೆಯ ಮಾತಿಗೆ ಒಮ್ಮೆಯೂ ಒಲ್ಲೆ ಎಂದವಳಲ್ಲ.

ಮರುದಿನ ಬೆಳಗಿನ ಮಳೆ ನಿಂತದ್ದೇ, ಮಹಡಿಯಿಂದ ಅತ್ತೆ ಕೂಗಿದರು. ಹೋಗಿ ನೋಡಿದರೆ ನಾಲ್ಕು ಕಂಬಕ್ಕೆ ಒಗೆದ ಪಂಚೆ ಕಟ್ಟಿದೆ, ನೀರು ಒಂದೆಡೆ ಇಳಿಯಲೆಂದು ಅದರ ನಡುವೆ ತೊಳೆದ ಕಲ್ಲು, ಕೆಳಗೆ ಅತ್ತೆ ತವರಿನಿಂದ ತಂದ ತಾಮ್ರದ ಹಂಡೆ. ತುಂಬಿ ತುಳುಕುತ್ತಿತ್ತು. ಎಪ್ಪತ್ತೆಂಟರ ಅತ್ತೆ ಸೆರಗು ಹಿಂಡುತ್ತ ನಿಂತಿದ್ದರು.

"ನೆಲ ಮುಟ್ಟಿಲ್ಲ ಕಣಮ್ಮಿ. ಇದ್ಕಿಂತ ಒಳ್ಳೆ ನೀರು ಎಲ್ಲಿ ತಂದೀಯೆ? ಅಳ್ದು ನೋಡು."

ಮೀಟರು ಒಂಬತ್ತು ಎಂದಿತು.

ರೋಜಾಳ ಎದೆ ಹಿಗ್ಗಿತು, ಹಿಗ್ಗಿದ್ದು ಅಲ್ಲೇ ಕುಗ್ಗಿತು. ಸುಮ್ಮನೆ ತೊಟ್ಟಿಗೆ ಸುರಿದುಬಿಟ್ಟರೆ ಅತ್ತೆಗೆ ಸಂತೋಷ. ಸೀಗಡಿ ಸತ್ತರೂ ಕಾರಣ ಯಾರಿಗೂ ತಿಳಿಯದು. ಹೇಳಿದರೆ, ಇವತ್ತಷ್ಟೇ ತನ್ನ ಕಡೆ ಅರಳಿದ ಈ ಮುಖ ಬಾಡೀತು.

"ಅತ್ತೆ, ಈ ನೀರು ಬೇಡ," ಎಂದಳು. ದನಿ ತನಗೇ ಹೊಸದೆನಿಸಿತು. "ನೀರು ಬಂಗಾರದಂಥದೇ. ಹಂಡೆ ತಾಮ್ರದ್ದು. ಸೀಗಡಿ ಉಳಿಯಲ್ಲ."

ವಸಂತಮ್ಮ ಹಂಡೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ತಾಮ್ರದಲ್ಲಿ ತಿಳಿ ಬಣ್ಣ ಅದ್ದಬ್ಯಾಡ, ಮಂಕಾಯ್ತದೆ ಅಂತ ನಿಂಗೆ ಏಳ್ಕೊಟ್ಟೋಳೇ ನಾನು! ರೇಸ್ಮೆಗಾಗ್ದಿದ್ದು ಮೀನ್ಗಾದದಾ?" ನಗು ಉಕ್ಕಿ ಬಂತು ಆಕೆಗೆ. "ಮೂವತ್ತು ವರ್ಸ ನೀನು ಎಲ್ಲದ್ಕೂ ಊಂ ಅಂದ್ಕಂಡಿದ್ದೆ. ಒಂದು ಸೀಗಡಿಗೋಸ್ಕರ ಬಾಯಿ ಬಿಟ್ಟೆ ನೋಡು!"

ಆ ನೀರನ್ನು ಕಾಯಿಸಿ ರೋಜಾ ಅತ್ತೆಗೆ ತಲೆಗೆ ಹುಯ್ದಳು. ಬೋರಿನ ನೀರಿನಲ್ಲಿ ಸೀಗೆಯ ನೊರೆ ಹೀಗೆ ಎದ್ದದ್ದನ್ನು ಇಬ್ಬರೂ ಎಂದೂ ಕಂಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಮತ್ತೆ ಮೋಡ ಕವಿಯಿತು. ಈ ಸಲ ಪಂಚೆಯ ಕೆಳಗೆ ಹೊಸ ಪ್ಲಾಸ್ಟಿಕ್ ಡ್ರಮ್ಮು. ಗಾಳಿಗೆ ಗಂಟು ಬಿಚ್ಚಿಹೋಗಿ, ಅತ್ತೆ ಎರಡು ಮೂಲೆ ಹಿಡಿದರು, ಸೊಸೆ ಎರಡು. ಬೇಡವೆಂದರೂ ಅತ್ತೆ ಕೇಳುವವರಲ್ಲ. ಇಬ್ಬರೂ ತೊಪ್ಪೆಯಾದರು.

"ಅವ್ವಾ, ಸೀತ ಆಯ್ತದೆ, ಇಳೀರಿ ಇಬ್ರೂವೆ! ಏನ್ ಮಾಡ್ತಿದ್ದೀರಿ ಅಲ್ಲಿ?" ಎಂದು ಶಿವಪ್ರಕಾಶ್ ಅಂಗಳದಿಂದ ಕೂಗಿದ.

"ಸುಮ್ಕಿರ್ಲಾ! ಸಮುದ್ರ ತುಂಬುಸ್ತಾವಿ!"

ರೋಜಾ ನಕ್ಕ ರಭಸಕ್ಕೆ ಪಂಚೆಯ ಮೂಲೆ ಕೈಜಾರಿ, ಒಂದು ಕೊಡದಷ್ಟು ನೀರು ಅತ್ತೆಯ ಕಾಲ ಮೇಲೆ ಸುರಿಯಿತು.