ಹೊರಗಿನವರ ಕುರ್ಚಿ

೧
ಎಲ್ಲಿಂದ ಶುರು ಮಾಡುವುದು? ಸೇನಾ ನ್ಯಾಯಾಲಯದ ಬಾಗಿಲಿನಿಂದ ಎಂದುಕೊಂಡೆ. ಆದರೆ ಬಾಗಿಲು ಅಂದ ಕೂಡಲೇ ಕಥೆಗಾರರಿಗೆ ಉಪಮೆಯ ಚಟ ಹತ್ತಿಕೊಳ್ಳುತ್ತದೆ. ಇದು ಮಾಮೂಲಿ ಬಾಗಿಲು. ಹಸಿರು ಬಣ್ಣ, ಕೆಳಗೆ ಬೂಟಿನ ಗುರುತು. ಇಷ್ಟು ಕಾಲ ಹೊರಗಿನವರಿಗೆ ಮುಚ್ಚಿತ್ತು. ನಮ್ಮ ವರದಿಗಾರ ಅರ್ಜಿ ಮೇಲೆ ಅರ್ಜಿ ಹಾಕಿ, ಕಂಡಕಂಡವರಿಂದ ಬೈಸಿಕೊಂಡು ತೆಗೆಸಿದ. ಒಳಗೆ ಹೊರಗಿನವರಿಗೆಂದು ಒಂದೇ ಒಂದು ಕುರ್ಚಿ ಹಾಕಿದರು.

(ಒಂದೇ ಯಾಕೆ ಅಂತ ಕೇಳಬೇಡಿ. ಮೊದಲು ಎರಡು ಬರೆದಿದ್ದೆ. ಕಥೆಯೇ ಆಗಲಿಲ್ಲ, ಹೊಡೆದುಹಾಕಿದೆ.)

೨
ಕಟಕಟೆಯಲ್ಲಿ ಒಬ್ಬ ಸೈನಿಕ. ಮೇಲಿನವರ ಆದೇಶ ಪಾಲಿಸಲಿಲ್ಲ ಎಂಬುದು ಆರೋಪ. ಏನು ಆದೇಶ? ಅದನ್ನು ಯಾರೂ ಹೇಳುತ್ತಿಲ್ಲ. ಅವನು ತಂಗಿಗೆ ಹೇಳಿಕಳಿಸಿದ್ದ: ಹೊರಗಿನವರು ಒಬ್ಬರಾದರೂ ಎದುರಿಗೆ ಕೂತಿದ್ದರೆ ಹೇಳುತ್ತೇನೆ, ಗೋಡೆಗೆ ಹೇಳಿ ಏನು ಪ್ರಯೋಜನ.

ಕುರ್ಚಿ ಒಂದೇ ಆದ್ದರಿಂದ ಪಾಸೂ ಒಂದೇ. ತಂಗಿ ಕೇಳಿದ್ದರೆ ಅವಳಿಗೇ ಸಿಗುತ್ತಿತ್ತು. ಅವಳು ಅದನ್ನು ವರದಿಗಾರನಿಗೇ ಬಿಟ್ಟಳು.

“ನೀವೇ ಹೋಗಿ ಅಣ್ಣ. ನಾನು ಹೋದ್ರೆ ಅಳ್ತಾ ಕೂತಿರ್ತೀನಿ. ನೀವಾದ್ರೆ ಬರ್ಕೋತೀರ.”

“ಒಂದಕ್ಷರ ಬಿಡಲ್ಲಮ್ಮ” ಅಂದ ವರದಿಗಾರ.

೩ (ಮೊದಲ ಕರಡು)
ವರದಿಗಾರ ಹೋಗಿ ಕೂತ. ಸೈನಿಕ ಅವನನ್ನು ನೋಡಿ ಬಾಯಿ ಬಿಟ್ಟ. ಮರುದಿನ ಊರೆಲ್ಲ ಓದಿತು. ಶುಭಂ.

(ಇದನ್ನು ಬರೆದು ಅರ್ಧ ಗಂಟೆ ಬೀಗಿದ್ದೂ ಉಂಟು.)

೩ (ಆದದ್ದು)
ಬೆಳಗ್ಗೆಯೆಲ್ಲ ವಕೀಲರು ಸೆಕ್ಷನ್ನುಗಳ ಮೇಲೆ ಜಗಳ ಆಡಿದರು. ವರದಿಗಾರ ಆಕಳಿಸಿದ. ಸೈನಿಕನ ಹೇಳಿಕೆ ಊಟದ ನಂತರ. ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಗೇಟಿನ ಮುಂದೆ ಟಿವಿ ವ್ಯಾನು.

“ಬಾಗಿಲು ತೆಗೆಸಿದೋರು ನೀವೇ ಅಲ್ವಾ ಸಾರ್? ಲೈವ್‌ಗೆ ಒಂದೆರಡು ಮಾತು.”

ತಂಗಿಯೇ ಮುಂದೆ ಬಂದು ಅವನ ಕಾಲರ್ ಸರಿ ಮಾಡಿದಳು.

ಒಂದೆರಡು ಮಾತು ಅವನಿಗೆ ಸಾಲಲಿಲ್ಲ. ಪಾರದರ್ಶಕತೆ ಅಂದ. ಸಾರ್ವಜನಿಕರ ಹಕ್ಕು ಅಂದ. ಒಳಗೆ ಬಿಡುವು ಮುಗಿದ ಗಂಟೆ ಹೊಡೆದದ್ದು ಅವನಿಗೆ ಕೇಳಿಸಿತು. ಈ ಸಾಲಿಗೆ ಅವನ ತಕರಾರಿದೆ.

“ಕೇಳಿಸಲಿಲ್ಲ ಅಂತ ಬರೀರಿ ಸಾರ್. ಜನರೇಟರ್ ಸದ್ದು ಅನ್ನಿ.”

“ಕೇಳಿಸ್ತಲ್ಲಪ್ಪ.”

“ಟಿವಿಯವರು ಇನ್ನೊಂದೇ ಪ್ರಶ್ನೆ ಅಂದ್ರು...”

“ಆಮೇಲೆ ಎಷ್ಟು ಕೇಳಿದ್ರು?”

ಬೆರಳು ಮಡಿಚಿ ಎಣಿಸತೊಡಗಿದ.

೪
ಓಡಿಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ವಿಚಾರಣೆ ಶುರುವಾದ ಮೇಲೆ ಯಾರನ್ನೂ ಬಿಡುವಂತಿಲ್ಲ. ಗೇಟಿನ ಹತ್ತಿರ ಕೂತಿದ್ದ ತಂಗಿ ಅವನು ಓಡಿದ್ದನ್ನಷ್ಟೇ ನೋಡಿದಳು; ಒಳಗೆ ಸೇರಿಕೊಂಡ ಅಂತ ನೆಮ್ಮದಿಪಟ್ಟಳು. ಅವನು ಹೊರಗೇ ನಿಂತ. ಬಾಗಿಲು ತೆಗೆದಾಗ ಎಲ್ಲ ಮುಗಿದಿತ್ತು. ಸೈನಿಕನನ್ನು ಹಿಂದಿನ ದಾರಿಯಿಂದ ಕರೆದೊಯ್ದಿದ್ದರು. ಕಡತಕ್ಕೆ ಅರಗಿನ ಮುದ್ರೆ ಬಿದ್ದಿತ್ತು; ಇನ್ನು ಅದನ್ನು ಹೊರಗಿನವರು ಓದುವಂತಿಲ್ಲ.

“ಅವನು ಹೇಳಿದನಾ?” ಎಂದು ಪಹರೆಯವನನ್ನು ಕೇಳಿದ.

“ಒಳಗಿನ ಮಾತು ನಾನು ಹೇಳೋ ಹಾಗಿಲ್ಲ. ನಿಮ್ಮ ಕುರ್ಚಿ ಹಾಕೇ ಇತ್ತು ಸಾರ್. ಒರೆಸಿ ಬೇರೆ ಇಟ್ಟಿದ್ದೆ.”

೫ (ಮುಕ್ತಾಯಗಳು)
ಅ. ವರದಿಗಾರ ತಂಗಿಗೆ ಸುಳ್ಳು ಹೇಳುತ್ತಾನೆ: ಎಲ್ಲಾ ಹೇಳಿದ, ಹುಲಿಯ ಹಾಗೆ ನಿಂತು ಹೇಳಿದ. (ಹುಲಿಯಂತೆ! ಅವನ ಪತ್ರಿಕೆಯ ಭಾಷೆ. ಹೊಡೆದುಹಾಕಿದೆ.)

ಆ. ಹಿಂದಿನ ಗೇಟಿನಿಂದ ತಲೆ ತಪ್ಪಿಸಿಕೊಂಡು ಹೋಗುತ್ತಾನೆ. (ಹೋಗಿಯೂ ನೋಡಿದ. ಆ ಗೇಟು ಹೊರಗಿನವರಿಗಲ್ಲ ಎಂದು ವಾಪಸು ಕಳಿಸಿದರು.)

ಇ. ನಿಜ ಹೇಳುತ್ತಾನೆ.

“ನಾನು ಒಳಗಿರಲಿಲ್ಲಮ್ಮ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರ, ನನಗೂ ಒಂದು ಪ್ಯಾರಾ.

“ಮತ್ತೆ ಕುರ್ಚೀಲಿ ಯಾರಿದ್ರು?”

“ಯಾರೂ ಇರಲಿಲ್ಲ.”

“ನಮ್ಮಣ್ಣ ಅದನ್ನ ನೋಡಿದ್ನಾ?”

ವರದಿಗಾರ ನನ್ನ ಕಡೆ ತಿರುಗಿದ. “ಕಥೆ ಬರೆಯೋರಿಗೆ ಯಾವ ಪಾಸೂ ಬೇಡವಲ್ಲ ಸಾರ್. ಒಂದು ಸಾಲು. ಹೇಳಿದ ಅಂತ ಬರೆದುಬಿಡಿ.”

ಬರೆಯಬಹುದು. ಬರೆದರೆ ನಾನು ಅಲ್ಲಿ ಕೂತಿದ್ದೆ ಎಂದು ಸುಳ್ಳು ಹೇಳಿದ ಹಾಗೆ. ಸೈನಿಕ ಹೇಳಿದನೋ, ಖಾಲಿ ಕುರ್ಚಿ ನೋಡಿ ಬಾಯಿ ಮುಚ್ಚಿಕೊಂಡನೋ, ನನಗೂ ಗೊತ್ತಿಲ್ಲ.

ಅಷ್ಟರಲ್ಲಿ ತಂಗಿಯ ಫೋನು ಬಡಿದುಕೊಂಡಿತು.

“ಮನೆಯಿಂದ ಅಮ್ಮ” ಅಂದಳು. ಎತ್ತಲಿಲ್ಲ. ಅವನ ಕಡೆ ಚಾಚಿದಳು. “ನೀವೇ ಹೇಳಿ ಅಣ್ಣ.”

ಇಲ್ಲಿಗೆ ಮುಗಿಸಿದರೆ ಅವನು ಫೋನು ತೆಗೆದುಕೊಳ್ಳದೆಯೇ ಪಾರಾಗುತ್ತಾನೆ. ಆದ್ದರಿಂದ ಮುಗಿಸುತ್ತಿಲ್ಲ. ಅವಳ ಕೈ ಚಾಚಿಯೇ ಇದೆ. ಫೋನು ನಿಂತಿತು, ಮತ್ತೆ ಬಡಿದುಕೊಳ್ಳುತ್ತಿದೆ.