ಬಾಲ ಹಿಡಿಯುವವಳು

ಹದಿಮೂರು ಅಡಿಯ ಹೆಬ್ಬಾವನ್ನು ಒಬ್ಬರೇ ಎತ್ತಬಾರದು ಎಂಬುದು ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ಆ ಮನೆಯಲ್ಲಿ ಕ್ಲೈವ್ ಮಾಡಿದ್ದ ಕಟ್ಟಪ್ಪಣೆ. ಇಪ್ಪತ್ತು ವರ್ಷ ಅವನು ತಲೆಯ ಕಡೆ, ಹೆಂಡತಿ ಥೆಲ್ಮಾ ಬಾಲದ ಕಡೆ. ಈಗ ಕ್ಲೈವ್ ದೇವರ ಪಾದ ಸೇರಿ ಆರು ವಾರವಾಗಿತ್ತು. ಜೊತೆಗೆ ಕೈಹಾಕುವವರು ಯಾರೂ ಇಲ್ಲವೆಂದು, ಅವನ ಮುದ್ದಿನ ಹೆಬ್ಬಾವು ಬೆರಿಲ್‌ಳನ್ನು ಶನಿವಾರ ಬೇರೆಯವರಿಗೆ ಕೊಟ್ಟುಬಿಡಲು ಥೆಲ್ಮಾ ಒಪ್ಪಿದ್ದಳು.

ಶುಕ್ರವಾರ ಪಕ್ಕದ ಮನೆಯ ಆವಿಸ್, ಎಂದಿನಂತೆ ಬೇಯಿಸಿದ ಕೋಳಿಯ ಪಾತ್ರೆ ಹಿಡಿದು ಬಂದವಳು, ವಿಷಯ ಕೇಳಿ ಪಾತ್ರೆಯನ್ನು ಥೆಲ್ಮಾಳ ಕೈಗಿತ್ತಳು.

"ನಾನು ಹಿಡ್ಕೊಂಡ್ರೆ ಆಗಲ್ವೇನೇ?"

"ನೀನಾ? ಹಲ್ಲಿ ಕಂಡ್ರೆ ಕುರ್ಚಿ ಹತ್ತೋಳು!"

"ನನ್ನ ಗಂಡನ ಶವಪೆಟ್ಟಿಗೆಗೆ ಕ್ಲೈವ್ ಹೆಗಲು ಕೊಟ್ಟಿದ್ದ. ನಾನೊಂದು ಬಾಲ ಹಿಡಿಯೋಕಾಗಲ್ವಾ?"

ಥೆಲ್ಮಾ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಸೋಪು ಹಾಕಿ ಮೊಣಕೈವರೆಗೂ ತೊಳ್ಕೊಂಡು ಬಾ. ಕೋಳಿ ವಾಸನೆ ಬಂದ್ರೆ ನಿನ್ನನ್ನೇ ಊಟ ಅಂದ್ಕೋತಾಳೆ."

ಆವಿಸ್ ಎರಡು ಸಲ ತೊಳೆದಳು. ಪಾತ್ರೆ ಮುಟ್ಟಿದ್ದ ಥೆಲ್ಮಾಳೂ ತೊಳೆದಳು. ಆಮೇಲೆ ಗಾಜಿನ ಪೆಟ್ಟಿಗೆ ತೆರೆದು, ಇದು ಊಟದ ಹೊತ್ತಲ್ಲ ಎಂದು ತಿಳಿಸಲು ಕೊಕ್ಕೆಕೋಲಿನಿಂದ ಬೆರಿಲ್‌ಳ ಮೈಯನ್ನು ಮೆಲ್ಲಗೆ ತಟ್ಟಿ, ಮೊದಲ ಬಾರಿಗೆ ಕ್ಲೈವ್‌ನ ಜಾಗದಲ್ಲಿ ನಿಂತಳು.

"ಸುತ್ತಿಕೊಂಡ್ರೆ?"

"ಬಾಲದ ಕಡೆಯಿಂದ ಬಿಡಿಸ್ತಾ ಬಾ. ಎಳೀಬೇಡ."

ಆವಿಸ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಳ್ಳುತ್ತ ಕೈಚಾಚಿದಳು. ಬಾಲ ಅವಳ ಮಣಿಕಟ್ಟಿಗೆ ಒಂದು ಸುತ್ತು ಹಾಕಿತು.

"ಅಯ್ಯೋ, ಬೆಚ್ಚಗಿದಾಳಲ್ಲೇ!" ಎಂದು ಕಣ್ಣು ಬಿಟ್ಟಳು.

ಶನಿವಾರ ಬರಬೇಕಿದ್ದವರಿಗೆ ಥೆಲ್ಮಾ ಅಂದೇ ಫೋನ್ ಮಾಡಿ, ಬರುವುದು ಬೇಡವೆಂದಳು.