ಎರಡನೆಯ ತುಂಡು ಚೀಸು

ಚಾಕು ಚೀಸಿನೊಳಗೆ ಅರ್ಧ ಇಳಿದ ಮೇಲೆ ನೈಜಲ್‌ಗೆ ತನ್ನ ತಪ್ಪು ಹೊಳೆಯಿತು. ಈ ಊಟದಲ್ಲಿ ಅವನು ಚೀಸು ಕತ್ತರಿಸುತ್ತಿರುವುದು ಇದು ಎರಡನೆಯ ಸಲ. ಈ ಫ್ರಾನ್ಸಿನಲ್ಲಿ ಮಾಂಸವನ್ನು ಮತ್ತೆ ಬಡಿಸಿಕೊಳ್ಳಬಹುದು, ಚೀಸಿಗೆ ಮಾತ್ರ ಮತ್ತೆ ಕೈಹಾಕಬಾರದು. ಹಾಕಿದರೆ ಊಟ ಸಾಲಲಿಲ್ಲವೆಂದು ಮನೆಯೊಡತಿಯ ಮುಖಕ್ಕೇ ಹೇಳಿದಂತೆ.

ಹೆಂಡತಿ ಸೊಲಾಂಜ್ ವೈನಿನ ಲೋಟವನ್ನು ಕುಡಿಯದೆ ಕೆಳಗಿಟ್ಟಳು.

ದಿಜೋನಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುವ ನೈಜಲ್, ಮದುವೆಯಾದಂದಿನಿಂದ ಪ್ರತಿ ಭಾನುವಾರ ಅತ್ತೆಯ ಮನೆಯಲ್ಲಿ ಪರೀಕ್ಷೆಗೆ ಕೂತವನು. ಬ್ರೆಡ್ಡು ತಟ್ಟೆಯಲ್ಲಲ್ಲ, ಮೇಜುಬಟ್ಟೆಯ ಮೇಲೆ. ಹಸಿ ಸೊಪ್ಪು ಮಾಂಸವಾದ ಮೇಲೆ. ಚೀಸು ಸಿಹಿಗೆ ಮುಂಚೆ. ಇಂಗ್ಲೆಂಡಿನ ಅವನ ಯಾರ್ಕ್‌ಶೈರಿನಲ್ಲಿ ಇದೆಲ್ಲ ತಿರುಗುಮುರುಗು. ಆದರೂ ಅವನು ಒಮ್ಮೆಯೂ ಎಡವಿರಲಿಲ್ಲ. ಅಷ್ಟಾದರೂ ಅತ್ತೆ ಓದಿಲ್ ಅವನನ್ನು ‘ನೀವು’ ಎನ್ನುವುದನ್ನು ಬಿಟ್ಟಿರಲಿಲ್ಲ. ಆ ‘ನೀವು’ ಪ್ರತಿ ವಾರ ಅವನನ್ನು ಬಾಗಿಲಾಚೆ ನಿಲ್ಲಿಸುತ್ತಿತ್ತು.

“ಯಾಕೆ ಅಳಿಯಂದಿರೇ, ನನ್ನ ಅಡುಗೇಲಿ ನಿಮ್ಮ ಹೊಟ್ಟೆ ತುಂಬ್ಲಿಲ್ವೇನು?”

ಎಂದಿನ ಹೊಗಳಿಕೆ ನಾಲಗೆಯ ತುದಿಗೆ ಬಂತು. ಅವನಿಗೆ ಸಾಕಾಗಿಹೋಗಿತ್ತು.

“ಇಲ್ಲ, ತುಂಬ್ಲಿಲ್ಲ. ಮಾಂಸದಲ್ಲಿ ಇನ್ನೂ ರಕ್ತ ಇರತ್ತೆ. ನನಗೆ ಯಾವತ್ತೂ ಸೇರಿಲ್ಲ.”

“ನೈಜಲ್!” ಸೊಲಾಂಜ್ ಕಣ್ಣು ಬಿಟ್ಟಳು.

“ಚೆನ್ನಾಗಿ ಬೇಯ್ಬೇಕು. ಮೇಲೆ ಧಾರಾಳವಾಗಿ ಗ್ರೇವಿ ಸುರೀಬೇಕು. ಆಮೇಲೆ ಒಂದು ಲೋಟ ಚಹಾ. ಹಾಲು ಹಾಕಿದ್ದು.”

“ಅಯ್ಯೋ ದೇವ್ರೇ, ಚಹಾಗೆ ಹಾಲಾ!”

ಎಂದು ಓದಿಲ್ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ನಮ್ಮ ಗಾಸ್ತೋನೂ ಹೀಗೇ ಇದ್ರು ಕಣೆ ಸೊಲಾಂಜ್, ನಿಮ್ಮಪ್ಪ. ಮಾಂಸ ಕರಕಲಾಗ್ಬೇಕು ಅಂತ ಸಾಯೋ ತನಕ ಗೊಣಗಿದ್ರು. ಹೊಗಳೋರು ನೆಂಟರು. ಮನೆಯೋರು ಗೊಣಗ್ತಾರೆ.”

ಎದ್ದುಹೋಗಿ ಡ್ರಾಯರಿನಿಂದ ಒಂದು ಬೆಳ್ಳಿಯ ಬಳೆ ತಂದಳು. ಆ ಮನೆಯಲ್ಲಿ ನೆಂಟರಿಗೆ ಪ್ರತಿ ಸಲ ಒಗೆದ ಕೈವಸ್ತ್ರ. ಮನೆಯವರು ಮಾತ್ರ ಬಾಯೊರೆಸಿಕೊಂಡದ್ದನ್ನೇ ಸುತ್ತಿ ತಮ್ಮ ತಮ್ಮ ಬಳೆಯಲ್ಲಿ ತೂರಿಸಿ ಮುಂದಿನ ಊಟಕ್ಕೆ ಇಟ್ಟುಕೊಳ್ಳುತ್ತಾರೆ.

“ಇನ್ಮೇಲೆ ನಿನಗೆ ಒಗೆದ ಕೈವಸ್ತ್ರ ಕೊಡಲ್ಲ. ಇದ್ರಲ್ಲೇ ತೂರಿಸಿಡು.”

ನಿನಗೆ! ನೈಜಲ್‌ಗೆ ಮೈಯೆಲ್ಲ ಹಗುರಾಯಿತು. ಇಷ್ಟು ಸುಲಭವಿತ್ತೇ ಇದು? ಕಲೆಯಾದ ಕೈವಸ್ತ್ರವನ್ನು ಸುತ್ತಿ ತೂರಿಸಿದ. ಬಳೆಯ ಮೇಲೆ ‘ಗಾಸ್ತೋನ್’ ಎಂದು ಕೆತ್ತಿತ್ತು.

ಅತ್ತೆ ಅಡುಗೆಮನೆಗೆ ಹೋದಳು. ಕಪ್ಪುಗಳ ಸದ್ದಾಯಿತು.

“ಗಾಸ್ತೋನ್, ಕಾಫಿ ತರ್ಲಾ?”

ತಿದ್ದಲು ಸೊಲಾಂಜ್ ಬಾಯಿ ತೆರೆದಳು. ನೈಜಲ್ ಬೇಡವೆಂದು ಕೈಯಾಡಿಸಿದ.

“ಹ್ಞೂಂ, ತನ್ನಿ,” ಎಂದು ಕೂಗಿದ, ನೆಮ್ಮದಿಯಿಂದ. ಅವನ ಹೆಬ್ಬೆರಳು ಬಳೆಯ ಮೇಲಿನ ಹೆಸರನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಿತ್ತು.